ಅರ್ಧ ಸ್ವರ ಕೆಳಗೆ

ಸೆಪ್ಟೆಂಬರ್ 12, 2022, ಸೋಮವಾರ

ಲೊರೇನ್ ಮಾರ್ಪಲ್ಸ್ ಇವತ್ತು ಲಂಡನ್ನಿನಿಂದ ಬಂದಳು. ನಾನು, ಹಾಡುವ ಅವಳು, ಗಿಟಾರಿನ ಡೆರೆಕ್ ಮೂವರೂ ಸೇರಿ ‘ಟಿನ್ ಕ್ಯಾಂಟೀನ್’ ಎಂಬ ಬ್ಯಾಂಡ್ ಕಟ್ಟಿಕೊಂಡು ಈ ಶೆಫೀಲ್ಡಿನಲ್ಲಿ ಸದ್ದು ಮಾಡಿದ್ದು ನಾಲ್ಕೂವರೆ ವರ್ಷ. ಆಮೇಲೆ ಅವಳೂ ನಾನೂ ಮಾತು ಬಿಟ್ಟದ್ದು ಮೂವತ್ತೊಂಬತ್ತು ವರ್ಷ.

ನಮ್ಮ ಮೊದಲ ರೆಕಾರ್ಡ್ ಬಂದು ನವೆಂಬರಿಗೆ ನಲವತ್ತು ತುಂಬುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ನೆನಪಿಟ್ಟುಕೊಂಡು, ಊರಿನ ದೊಡ್ಡ ಹಾಲ್ ಗೊತ್ತುಮಾಡಿ, ಒಂದು ಸಂಜೆ ಮತ್ತೆ ಒಟ್ಟಿಗೆ ನುಡಿಸಿ ಎಂದು ಮೂವರಿಗೂ ಬೇರೆ ಬೇರೆ ಪತ್ರ ಬರೆದರು. ಡೆರೆಕ್ ಒಪ್ಪಿದ ಅಂತ ನಾನು ಒಪ್ಪಿದೆ. ನಾನು ಒಪ್ಪಿದೆ ಅಂತ ಅವಳು ಒಪ್ಪಿದಳಂತೆ. ನೀನ್ಯಾಕೆ ಒಪ್ಪಿದೆಯೋ ಎಂದು ಡೆರೆಕ್‌ನನ್ನು ಕೇಳಿದರೆ, “ಮನೇಲಿ ಕೂತು ಏನ್ ಮಾಡ್ಲಿ, ಹೆಂಡ್ತಿ ಪಿಂಗಾಣಿ ನಾಯಿಗಳ ಧೂಳು ಹೊಡೀಲಾ?” ಅಂದ.

ಸ್ಟೇಷನ್ನಿನಲ್ಲಿ ಲೊರೇನ್ ಏನೋ ಅಂದಳು. ನಾನು ಹೂಂ ಅಂದೆ. ಡೆರೆಕ್ ನಕ್ಕ. ಏನು ಅಂದಳೆಂದು ಮತ್ತೆ ಕೇಳಲಿಲ್ಲ, ಅವಳಿಗೆ ಅಷ್ಟು ಮರ್ಯಾದೆ ಸಾಕು. ಈ ಲಂಡನ್ನಿನವರು ತುಟಿ ಅಲ್ಲಾಡಿಸದೆ ಮಾತಾಡುವುದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದಾರೆ. ನಮ್ಮೂರಿನ ಹುಡುಗಿ, ಬಾಯಿ ಬಿಟ್ಟರೆ ಎದುರು ಬೀದಿಯ ಬೆಕ್ಕು ಓಡುತ್ತಿತ್ತು. ಈಗ ಅದೂ ಹೋಗಿದೆ.

ನನ್ನ ಯಂತ್ರ ಮಾತ್ರ ನೆಟ್ಟಗಿದೆ. 1978ರ ಸಿಂಥಸೈಸರ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್. ಈಗಿನವುಗಳ ಹಾಗೆ ಅದಕ್ಕೆ ನೆನಪಿನ ಶಕ್ತಿಯಿಲ್ಲ. ಒಂದು ಗುಂಡಿ ಒತ್ತಿದರೆ ಹಳೆಯ ನಾದ ತಾನೇ ಬಂದು ನಿಲ್ಲುವುದಿಲ್ಲ. ಮೂವತ್ತೊಂದು ನಾಬ್‌ಗಳನ್ನು ಪ್ರತಿ ಹಾಡಿಗೂ ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಬಿಸಿಯೇರಿದರೆ ಶ್ರುತಿ ಜಾರುತ್ತದೆ. ಆಗ ಎರಡು ಹಾಡುಗಳ ನಡುವೆ ಹೆಡ್‌ಫೋನ್ ಹಾಕಿಕೊಂಡು, ಜನಕ್ಕೆ ಕೇಳಿಸದ ಹಾಗೆ, ಮತ್ತೆ ಶ್ರುತಿ ಸೇರಿಸಬೇಕು. ಬ್ಯಾಂಡಿಗೆಲ್ಲ ಶ್ರುತಿ ಕೊಡುವುದು ನನ್ನ ಯಂತ್ರ, ಯಂತ್ರಕ್ಕೆ ಕೊಡುವುದು ನನ್ನ ಕಿವಿ. ಈ ಕೆಲಸ ಈ ದೇಶದಲ್ಲಿ ನನ್ನಷ್ಟು ಬೇಗ ಮಾಡುವವರು ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಪಡಲು ನನಗಿರುವುದು ಇದೊಂದೇ.

ಈ ನೋಟ್‌ಬುಕ್ ತಂದದ್ದು ನಾಬ್‌ಗಳ ಅಂಕಿ ಬರೆದುಕೊಳ್ಳಲು. ಮೊದಲ ಪುಟಕ್ಕೇ ಲೊರೇನ್ ನುಗ್ಗಿದಳು. ಇರಲಿ, ಕರುಳಿನ ಉರಿಗೂ ಒಂದು ಜಾಗ ಬೇಕು.

ಸೆಪ್ಟೆಂಬರ್ 21

ಹಳೆಯ ಚಾಕು ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಅಭ್ಯಾಸ ಶುರುವಾಯಿತು. ಮೆಟ್ಟಿಲು ಹತ್ತಿ ಮೂವರೂ ಹತ್ತು ನಿಮಿಷ ಉಸಿರು ಬಿಟ್ಟೆವು.

“ಲೋ ನೆವ್, ಕೈ ಎತ್ತೋ ರೂಲು ಈಗ್ಲೂ ಇದೆಯಾ?” ಅಂದ ಡೆರೆಕ್.

“ಇರದೆ?”

“ಭುಜ ನೋವು ಕಣೋ. ಕಾಲೆತ್ತಿದ್ರೆ ನಡೆಯುತ್ತಾ?”

ಆ ನಿಯಮ ನನ್ನ ಅಪ್ಪನ ಕಾರ್ಖಾನೆಯದು. ಕಬ್ಬಿಣ ಬಡಿಯುವ ದೊಡ್ಡ ಸುತ್ತಿಗೆಯ ಮನೆಯಲ್ಲಿ ಎಷ್ಟು ಕೂಗಿದರೂ ಯಾರಿಗೂ ಕೇಳಿಸದು. ಅದಕ್ಕೆ ಅಲ್ಲಿ ತಪ್ಪು ಕಂಡವನು ಕೈ ಎತ್ತಬೇಕು. ಟೀ ತರುವವನು ಎತ್ತಿದರೂ ಸರಿ, ಸುತ್ತಿಗೆ ನಿಲ್ಲಲೇಬೇಕು. ಯಾಕೆ ಅಂತ ಆಮೇಲೆ ಕೇಳಬಹುದು. ನಾವು ಅದನ್ನೇ ಸ್ಟೇಜಿಗೆ ತಂದೆವು. ಮೂವರಲ್ಲಿ ಯಾರ ಕಿವಿಗಾದರೂ ತಪ್ಪು ಬಿದ್ದರೆ ಕೈ ಎತ್ತುವುದು, ಹಾಡು ನಿಲ್ಲುವುದು, ಮೊದಲಿಂದ ಶುರು. ಎದುರಿಗೆ ಐನೂರು ಜನರಿದ್ದರೂ ಅಷ್ಟೇ. ಜನ ಅದನ್ನು ನೋಡಲೆಂದೇ ಬರುತ್ತಿದ್ದರು.

1983ರ ಫೆಬ್ರವರಿ, ಲಂಡನ್. ಮುಂದಿನ ಸಾಲಿನಲ್ಲಿ ರೆಕಾರ್ಡ್ ಕಂಪನಿಯವರು ಕೂತಿದ್ದರು. ಲೊರೇನ್ ಕೂದಲೆಳೆಯಷ್ಟು ಕೆಳಗೆ ಹಾಡುತ್ತಿದ್ದಳು. ಕೈ ಎತ್ತಿದೆ. ಮತ್ತೆ ಶುರು, ಮತ್ತೆ ಕೆಳಗೆ. ಎತ್ತಿದೆ. ಮೂರನೆಯ ಸಲ ಎತ್ತಿದಾಗ ಅವಳು ಮೈಕನ್ನು ನೆಲದ ಮೇಲಿಟ್ಟು ಹೊರಟುಹೋದಳು. ಅವಳಿಗೆ ಅವತ್ತು ಜ್ವರವಿತ್ತಂತೆ. ಇದ್ದಿರಬಹುದು. ಶ್ರುತಿಗೇನು ಗೊತ್ತು ಜ್ವರ?

ಆಮೇಲೆ ಅವಳು ಅಲ್ಲೇ ಉಳಿದು ಟೀವಿಯಲ್ಲಿ ಕುಣಿಯುವ ಹಾಡುಗಳನ್ನು ಹಾಡಿದಳು. ಎರಡು ಹಾಡು ದೇಶಕ್ಕೆಲ್ಲ ಬಾಯಿಪಾಠ. ನಾನು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಧ್ವನಿಮುದ್ರಣ ಕಲಿಸಿದೆ. ಮನೆಯ ಅಟ್ಟದಲ್ಲಿ ಒಬ್ಬನೇ ಕೂತು ಹನ್ನೊಂದು ರೆಕಾರ್ಡ್ ಮಾಡಿದೆ. ಅವನ್ನು ಕೇಳಿದವರೆಲ್ಲ ಒಂದು ಬಸ್ಸಿನಲ್ಲಿ ಹಿಡಿಸುತ್ತಾರೆ, ನಿಲ್ಲುವವರೂ ಬೇಕಿಲ್ಲ.

ಇವತ್ತು ಲೊರೇನ್ ಶ್ರುತಿ ಅಳೆಯುವ, ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯೂನರ್ ತಂದು ನನ್ನ ಯಂತ್ರದ ಮೇಲಿಟ್ಟಳು.

“ಇದು ಈಗ ಎಲ್ಲರ ಹತ್ರನೂ ಇರುತ್ತೆ ನೆವ್. ಹಸಿರು ಬಂದ್ರೆ ಸರಿ, ಕೆಂಪು ಬಂದ್ರೆ ತಪ್ಪು. ಅಷ್ಟೇ.”

“ನನ್ ಕಿವಿ ಇದೆ.”

“ಇದೆ. ಜೊತೆಗೆ ಇದೂ ಇರ್ಲಿ.”

“ಟ್ರಾಫಿಕ್ ದೀಪ ನೋಡ್ಕೊಂಡು ಬಾರ್ಸೋಕೆ ನಾನು ಬಸ್ ಡ್ರೈವರ್ ಅಲ್ಲ.”

ಡೆರೆಕ್ ಇಪ್ಪತ್ತು ವರ್ಷ ಊರಿನ ಬಸ್ ಓಡಿಸಿದವನು. “ಬಸ್ ಡ್ರೈವರ್ ಏನ್ ಪಾಪ ಮಾಡಿದ್ದ ಚಿನ್ನ?” ಅಂದ. ಟ್ಯೂನರನ್ನು ಮನೆಗೆ ತಂದು ಮೇಜಿನ ಡ್ರಾಯರಿಗೆ ಎಸೆದೆ.

ಅಕ್ಟೋಬರ್ 3

ಟೀವಿ ನಾಟಕಗಳಲ್ಲಿ ಈಗ ಯಾರಿಗೂ ಬಾಯಿ ಬಿಡಲು ಕಲಿಸುವುದಿಲ್ಲ. ಎಲ್ಲರೂ ಕಂಬಳಿ ಹೊದ್ದು ಮಾತಾಡುತ್ತಾರೆ. ವಾಲ್ಯೂಮ್ ಏರಿಸಿದೆ. ಹೆಂಡತಿ ಪೌಲಿನ್ ಇಳಿಸಿದಳು. ಏರಿಸಿದೆ.

“ಡಾಕ್ಟರ್‌ಗೆ ನಿನ್ ಕಿವಿ ತೋರ್ಸು” ಅಂದಳು.

ಅವಳದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮುನ್ನೂರು ಮಕ್ಕಳನ್ನು ಸಾಲಿಗೆ ನಿಲ್ಲಿಸಿದ ಗಂಟಲು. ಈ ಊರಿನಲ್ಲಿ ಇನ್ನೂ ಸ್ಪಷ್ಟವಾಗಿ ಮಾತಾಡುವವಳು ಅವಳೊಬ್ಬಳೇ.

“ನೀನು ಹೇಳೋದೆಲ್ಲ ಕೇಳ್ತಿದೆಯಲ್ಲ, ಇನ್ನೇನು?”

“ನಾನು ಹೇಳೋದು ಸತ್ತೋರಿಗೂ ಕೇಳುತ್ತೆ. ಕದ ತಟ್ಟಿದ್ದು ಕೇಳ್ತಾ? ಪೋಸ್ಟ್‌ನೋನು ಮೂರ್ ಸಲ ತಟ್ಟಿ ಹೋದ.”

ಪೋಸ್ಟಿನವನು ಸೋಮಾರಿ. ಚೀಟಿ ಬಿಸಾಡಿ ಓಡುವುದೇ ಅವನ ಕೆಲಸ.

ಹಿತ್ತಲಿಗೆ ದಿನವೂ ಬರುತ್ತಿದ್ದ ರಾಬಿನ್ ಹಕ್ಕಿ ಈ ಸಲ ಹಾಡುತ್ತಿಲ್ಲ. ಬೇಲಿಯ ಮೇಲೆ ಕೂತು ಬರೀ ಕೊಕ್ಕು ತೆರೆದು ಮುಚ್ಚುತ್ತದೆ. ಅದಕ್ಕೂ ವಯಸ್ಸಾಯಿತೋ ಏನೋ.

ಅಕ್ಟೋಬರ್ 19

ಡೆರೆಕ್ ಇವತ್ತು ನಾಲ್ಕು ಸಲ ಕೈ ಎತ್ತಿದ. ನಾಲ್ಕು ಸಲವೂ ನನ್ನ ಕಡೆ ನೋಡಿ.

“ಸ್ವಲ್ಪ ಜಾರಿದೆ ಕಣೋ ನೆವ್.”

“ನಿನ್ ತಂತಿ ಜಾರಿದೆ. ಯಾವ ಕಾಲದ್ದು ಅದು?”

“ಹೋದ್ ವಾರ ಹಾಕಿದ್ದು.”

“ಹಂಗಾದ್ರೆ ಅಂಗಡಿಯೋನು ಮೋಸ ಮಾಡಿದಾನೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೆರೆಕ್‌ನ ಕಥೆಯೂ ಅಷ್ಟೇ. ಆದರೂ ಸಂಶಯ ಬೇಡವೆಂದು ಯಂತ್ರವನ್ನು ಮನೆಗೆ ತಂದು ಬಿಚ್ಚಿದೆ. ಶ್ರುತಿ ಹಿಡಿಯುವ ಭಾಗಗಳನ್ನೆಲ್ಲ ಬೆಸುಗೆ ಬಿಡಿಸಿ ಹೊಸದು ಹಾಕಿದೆ. ಅಲ್ಲಿ ನಾವಿಬ್ಬರೂ ಕಚ್ಚಾಡುವಾಗ ಲೊರೇನ್ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಆ ನೋಟ ನನಗೆ ಗೊತ್ತು, ಕಾಯುವ ನೋಟ. ಕಾಯಲಿ.

ಅಕ್ಟೋಬರ್ 24

ಹೆಡ್‌ಫೋನನ್ನು ಎಡಗಿವಿಗೆ ಒತ್ತಿದರೆ ಒಂದು ಶ್ರುತಿ, ಬಲಗಿವಿಗೆ ಒತ್ತಿದರೆ ಇನ್ನೊಂದು. ಹೆಡ್‌ಫೋನ್ ಹಾಳಾಗಿದೆ. ಹೊಸದು ತಂದೆ.

ಅಕ್ಟೋಬರ್ 25

ಹೊಸದೂ ಹಾಳು.

ನವೆಂಬರ್ 5

ಬೆಂಕಿ ಹಬ್ಬ. ಈ ವರ್ಷದ ಪಟಾಕಿಗೆ ಜೀವವೇ ಇಲ್ಲ. ಗುಡ್ಡದ ಮೇಲಿಂದ ಊರೆಲ್ಲ ಬೆಳಕು ಕಾಣುತ್ತದೆ, ಧೊಪ್ ಧೊಪ್ ಎಂದು ಮೂಟೆ ಬಿದ್ದ ಹಾಗೆ ಸದ್ದು, ಅಷ್ಟೇ. ಚೀರುತ್ತಾ ಏರುವ ರಾಕೆಟ್ಟುಗಳು ಎಲ್ಲಿ ಹೋದವು? ಎಲ್ಲ ಅಗ್ಗದ ಮಾಲು. ಪೌಲಿನ್ ಕೈಯಿಂದ ಕಿವಿ ಮುಚ್ಚಿಕೊಂಡು ನಾಟಕ ಮಾಡಿದಳು. ಪಕ್ಕದ ಮನೆಯ ನಾಯಿ ನಮ್ಮ ಅಡುಗೆಮನೆಗೆ ನುಗ್ಗಿ ಮೇಜಿನ ಕೆಳಗೆ ನಡುಗುತ್ತಾ ಕೂತಿತ್ತು. ಹಬ್ಬದ ಶುಂಠಿ ಕೇಕ್ ಚೂರು ಹಾಕಿದರೂ ಮೂಸಲಿಲ್ಲ.

ನವೆಂಬರ್ 16

ಕೊನೆಯ ಅಭ್ಯಾಸ. ಇಡೀ ದಿನ ಒಂದೇ ಒಂದು ಕೈ ಏಳಲಿಲ್ಲ! ಹನ್ನೆರಡು ಹಾಡು, ಎರಡು ಸುತ್ತು. ಯಂತ್ರದ ಭಾಗ ಬದಲಿಸಿದ್ದೇ ಸರಿಯಾಯಿತು. ಊಟದ ಹೊತ್ತಿನಲ್ಲಿ ಡೆರೆಕ್‌ಗೂ ಲೊರೇನಿಗೂ ಮೆಟ್ಟಿಲ ಮೇಲೆ ಏನೋ ಜೋರು ಮಾತು ನಡೆದಿತ್ತು, ನಾನು ಹೋದೊಡನೆ ನಿಂತಿತು. ನನ್ನನ್ನು ಬೈಯುತ್ತಿದ್ದರೆ ಬೈದುಕೊಳ್ಳಲಿ. ಹೊಗಳುತ್ತಿದ್ದರೆ ಅವರಿಗೆ ಮುಜುಗರವಾಗುವುದು ಬೇಡ.

ನವೆಂಬರ್ 20, ಭಾನುವಾರ

ನಿನ್ನೆ ಆಯಿತು. ಬರೆಯದೆ ಇರಲಾರೆ.

ಹಾಲ್ ತುಂಬಿತ್ತು. ಬೋಳುತಲೆಗಳೇ ಹೆಚ್ಚು, ಆದರೆ ಮುಂದಿನ ಸಾಲಿನಲ್ಲಿ ಮೊಮ್ಮಕ್ಕಳ ವಯಸ್ಸಿನವರೂ ಇದ್ದರು. ಎಲ್ಲಿ ಮರೆಯುತ್ತೇನೋ, ಎಲ್ಲಿ ನಗೆಪಾಟಲಾಗುತ್ತೇನೋ ಎಂದು ಸ್ಟೇಜಿನ ಮೆಟ್ಟಿಲ ಬಳಿ ನಿಂತು ಈ ನೋಟ್‌ಬುಕ್ಕಿನ ಅಂಕಿಗಳನ್ನು ಮತ್ತೆ ಮತ್ತೆ ಓದಿದೆ. ಮೊದಲ ಹಾಡು ಎತ್ತಿದ ಮೇಲೆ ಎಲ್ಲ ಮರೆತುಹೋಯಿತು. ಇಪ್ಪತ್ತೈದು ವರ್ಷದವನಾಗಿಬಿಟ್ಟೆ. ಹಾಡು ಹಾಡಿನ ನಡುವೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ನಾಬ್ ತಿರುಗಿಸಿದೆ. ಒಂದೊಂದು ನಿಮಿಷ, ಹೆಚ್ಚಿಲ್ಲ. ಆಗೆಲ್ಲ ಹಾಲ್ ಸದ್ದಡಗಿ ಕಾಯುತ್ತಿತ್ತು. ಡೆರೆಕ್ ಕೂಡ ಪ್ರತಿ ಹಾಡು ಮುಗಿದಾಗಲೂ ಗಿಟಾರಿನ ಕಿವಿ ಹಿಂಡುತ್ತಿದ್ದ. ಈ ವಯಸ್ಸಿನಲ್ಲಿ ಅವನಿಗೂ ಶಿಸ್ತು ಬಂತಲ್ಲ ಎಂದುಕೊಂಡೆ.

ಲೊರೇನ್ ಜನರ ಕಡೆ ನೋಡಲೇ ಇಲ್ಲ. ಮೂರನೆಯ ಹಾಡಿನಿಂದ ನನ್ನ ಕಡೆಗೇ ತಿರುಗಿ, ನನ್ನ ಕೈಯನ್ನೇ ನೋಡುತ್ತಾ ಹಾಡಿದಳು. ಹಳೆಯ ಹಗೆ ಕರಗಿರಬೇಕು. ನನ್ನದೂ ಒಂದಿಷ್ಟು ಕರಗಿತು, ಸುಳ್ಳು ಯಾಕೆ ಹೇಳಲಿ.

ಒಂದು ಕೈಯೂ ಏಳಲಿಲ್ಲ. ನಾಲ್ಕೂವರೆ ವರ್ಷದಲ್ಲಿ ಒಂದೇ ಒಂದು ಸಲ ಕೂಡ ಹೀಗೆ ತಡೆಯಿಲ್ಲದೆ ಮುಗಿಸಿರಲಿಲ್ಲ. ಜನ ಎದ್ದು ನಿಂತರು. ಲೀಡ್ಸ್, ಮ್ಯಾಂಚೆಸ್ಟರ್ ಎರಡೂ ಕಡೆಯಿಂದ ಜನವರಿಗೆ ಕರೆ ಬಂದಿದೆ. ನಾನು ಸಂತೋಷವಾಗಿದ್ದೇನೆ. ಈ ಮಾತನ್ನು ಬರೆದು ಎಷ್ಟು ವರ್ಷವಾಯಿತೋ.

ನವೆಂಬರ್ 23

ಪತ್ರಿಕೆಯಲ್ಲಿ ವಿಮರ್ಶೆ ಬಂದಿದೆ. ಹೊಗಳಿಕೆಯೇ, ಆದರೆ ತಲೆಬುಡವಿಲ್ಲ. ‘ಹಳೆಯ ಹಾಡುಗಳನ್ನು ಇದ್ದ ಹಾಗೇ ಒಪ್ಪಿಸುವ ಸುಲಭದ ದಾರಿಯನ್ನು ಇವರು ಹಿಡಿಯಲಿಲ್ಲ. ಸಂಜೆ ಏರಿದಂತೆ ಒಂದೊಂದೇ ಹಾಡನ್ನು ತುಸು ತುಸುವೇ ಕೆಳಗಿಳಿಸುತ್ತಾ, ಯೌವನದ ಕೋಪವನ್ನು ಮುಪ್ಪಿನ ನೆಲಕ್ಕೆ ತಂದಿಟ್ಟರು. ಇಷ್ಟು ನಿರ್ದಯವಾದ ಧೈರ್ಯವನ್ನು ಈ ವರ್ಷ ಕಂಡಿಲ್ಲ’ ಎಂದು ಬರೆದಿದ್ದಾನೆ.

ನಾವು ಯಾವುದನ್ನೂ ಇಳಿಸಲಿಲ್ಲ, ಏರಿಸಲಿಲ್ಲ. ನಮ್ಮ ಜಾತಿಯ ಸಂಗೀತಕ್ಕೆ ಇದೊಂದು ಶಾಪ. ತಗಡು ಬಿದ್ದರೂ ಅದರಲ್ಲಿ ತತ್ವ ಹುಡುಕುವವರು ಗಂಟುಬೀಳುತ್ತಾರೆ. ಪೌಲಿನ್‌ಗೆ ಓದಿ ಹೇಳಿ ನಕ್ಕೆ. ಅವಳು ನಗಲಿಲ್ಲ. ಪಾತ್ರೆ ತೊಳೆಯಲು ಎದ್ದಳು.

ನವೆಂಬರ್ 26

ಪಕ್ಕದೂರು ರಾಥರ್‌ಹ್ಯಾಮಿನಿಂದ ಒಂದು ಕಾಗದ. ಚರ್ಚಿನಲ್ಲಿ ಆರ್ಗನ್ ನುಡಿಸುವವರಂತೆ. ಬಹಳ ವಿನಯದಿಂದ ಕೇಳಿದ್ದಾರೆ: ‘ಮೊದಲ ಎರಡು ಹಾಡು ರೆಕಾರ್ಡಿನಲ್ಲಿದ್ದ ಶ್ರುತಿಯಲ್ಲೇ ಇದ್ದವು. ಮೂರನೆಯದರಿಂದ ಇಳಿಯಿತು. ಕೊನೆಯ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿತ್ತು. ಹೀಗೆ ಹಂತಹಂತವಾಗಿ ಇಳಿಸಲು ಮೂವರೂ ಹೇಗೆ ಅಭ್ಯಾಸ ಮಾಡಿದಿರಿ, ದಯವಿಟ್ಟು ತಿಳಿಸಿ.’

ವಿಮರ್ಶಕನನ್ನು ಮೂರ್ಖ ಅನ್ನಬಹುದು. ಆರ್ಗನ್ ನುಡಿಸುವವರನ್ನು ಅನ್ನಲಾಗುವುದಿಲ್ಲ.

ಡ್ರಾಯರಿನಿಂದ ಲೊರೇನಳ ಟ್ಯೂನರ್ ತೆಗೆದೆ. ಹಾಲ್‌ನವರು ಕಳಿಸಿದ್ದ ಧ್ವನಿಮುದ್ರಣ ಹಾಕಿದೆ. ಮೊದಲ ಹಾಡು ಹಸಿರು. ಎರಡನೆಯದು ಹಸಿರು. ಮೂರನೆಯದು ಕೆಂಪು. ಆಮೇಲೆ ಕೆಂಪು ಬಿಟ್ಟು ಬೇರೆ ಬಣ್ಣ ಬರಲಿಲ್ಲ. ಯಂತ್ರದ್ದೂ ಕೆಂಪು, ಡೆರೆಕ್‌ನ ಗಿಟಾರೂ ಕೆಂಪು, ಅವಳ ದನಿಯೂ ಕೆಂಪು. ಹಳೆಯ ರೆಕಾರ್ಡ್ ಹಾಕಿದೆ. ಹಸಿರು.

ಎರಡನ್ನೂ ಒಂದಾದ ಮೇಲೊಂದು ಏಳು ಸಲ ಕೇಳಿದೆ. ದೇವರಾಣೆ, ನನಗೆ ಎರಡೂ ಒಂದೇ.

ನವೆಂಬರ್ 27

ಮಧ್ಯಾಹ್ನ ಡೆರೆಕ್‌ನನ್ನು ಪಬ್ಬಿಗೆ ಕರೆದೆ. ಬಿಯರ್ ಮುಟ್ಟದೆ ಕೇಳಿದೆ.

“ನಿಂಗೆ ಗೊತ್ತಿತ್ತಾ?”

ಅವನು ಗ್ಲಾಸನ್ನು ಸುತ್ತ ತಿರುಗಿಸಿದ. “ಯಾವಾಗಿಂದ ಅಂತ ಕೇಳು.”

“ಕೈ ಎತ್ತಬೇಕಿತ್ತು.”

“ಎತ್ತಿದ್ನಲ್ಲೋ! ನಾಲ್ಕ್ ಸಲ ಎತ್ತಿದೆ. ನೀನು ನನ್ ತಂತಿ ಬೈದೆ, ಅಂಗಡಿಯೋನ್ನ ಬೈದೆ, ಇನ್ನೊಂದ್ ಸಲ ಎತ್ತಿದ್ರೆ ನಮ್ಮಮ್ಮನ್ನ ಬೈತಿದ್ದೆ.”

“ಸ್ಟೇಜಿನ ಮೇಲೆ?”

“ಅದು ಲೊರೇನ್ ಮಾಡಿದ ತೀರ್ಮಾನ. ‘ಅವನು ಎಲ್ಲಿಗೆ ಹೋಗ್ತಾನೋ ಅಲ್ಲಿಗೇ ಹೋಗೋಣ, ಮೂರೂ ಜನ ಒಟ್ಟಿಗೆ ತಪ್ಪಿದ್ರೆ ಅದು ತಪ್ಪಲ್ಲ’ ಅಂದ್ಲು. ನಾನು ಬೇಡ ಅಂದೆ. ಮೆಟ್ಟಿಲ ಮೇಲೆ ಜಗಳಾನೇ ಆಯ್ತು. ಆಮೇಲೆ ಹಾಡು ಹಾಡಿಗೂ ನಿನ್ ಜೊತೆ ತಂತಿ ಇಳಿಸ್ಕೊಂಡ್ ಬಂದೆ.” ಒಂದು ಗುಟುಕು ಕುಡಿದ. “ಕೊನೇಗೆ ತಂತಿ ಎಷ್ಟ್ ಸಡ್ಲ ಆಗಿತ್ತು ಅಂದ್ರೆ ಬಟ್ಟೆ ಒಣಗಿಸ್ಬೋದಿತ್ತು ಚಿನ್ನ.”

ನಗಿಸಲು ನೋಡಿದ. ಗ್ಲಾಸ್ ಅಲ್ಲೇ ಬಿಟ್ಟು ಎದ್ದು ಬಂದೆ. ಆ ಹಾಲ್‌ನಲ್ಲಿ ಜನ ಎದ್ದು ನಿಂತದ್ದು ನನಗಲ್ಲ. ಕುರುಡನ ಕೈ ಹಿಡಿದು ಬೀದಿ ದಾಟಿಸಿದ ಇಬ್ಬರಿಗೆ. ಮೈಯೆಲ್ಲ ಉರಿಯುತ್ತಿದೆ.

ಡಿಸೆಂಬರ್ 1

ಅಟ್ಟಕ್ಕೆ ಹೋಗಲಿಲ್ಲ. ಪೌಲಿನ್ ಜೊತೆಗೂ ಮಾತಿಲ್ಲ. ಅವಳಿಗೂ ಗೊತ್ತಿತ್ತು.

ಡಿಸೆಂಬರ್ 8

ಪೌಲಿನ್ ಕೋಟು ತೊಡಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಕತ್ತೆತ್ತಿ ನೋಡಿದರೆ, ಗಾಜಿನಾಚೆ ಪರೀಕ್ಷೆ ಮಾಡುವ ಹೆಂಗಸಿನ ಬೆರಳು ಇನ್ನೂ ಯಂತ್ರದ ಮೇಲೆ ಆಡುತ್ತಲೇ ಇತ್ತು. ಜೀವನದಲ್ಲಿ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಮೇಲಿನ ಸ್ವರಗಳು ಹೋಗಿವೆಯಂತೆ, ವರ್ಷಗಳ ಹಿಂದೆಯೇ. ಜೊತೆಗೆ ಇನ್ನೊಂದು ಇದೆ. ಒಂದೇ ಸ್ವರ ನನ್ನ ಎಡಗಿವಿಗೆ ಒಂದು ಎತ್ತರದಲ್ಲಿ, ಬಲಗಿವಿಗೆ ಇನ್ನೊಂದು ಎತ್ತರದಲ್ಲಿ ಬೀಳುತ್ತದೆ.

“ಕಿವಿಗೆ ಯಂತ್ರ ಹಾಕಿದ್ರೆ ಸರಿ ಹೋಗುತ್ತಾ?” ಕೇಳಿದೆ.

“ಮಾತು ಚೆನ್ನಾಗಿ ಕೇಳುತ್ತೆ ಮಿಸ್ಟರ್ ಹೇಗ್. ಸಂಗೀತದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲ್ಲ ನಾನು. ನೀವೇನು ಸಂಗೀತಗಾರರಾ?”

ಪೌಲಿನ್ ಬಾಯಿ ತೆರೆಯುವ ಮೊದಲೇ ಇಲ್ಲ ಅಂದೆ.

ಅಪ್ಪನಿಗೆ ಸುತ್ತಿಗೆ ಮನೆಯಲ್ಲಿ ಐವತ್ತಕ್ಕೇ ಕಿವಿ ಹೋಗಿತ್ತು. ನಾನು ಅವನ ಬೆನ್ನ ಹಿಂದೆ ನಿಂತು, ಗೆಳೆಯರನ್ನು ನಗಿಸಲು ಅವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ನಗುವುದು ಕಂಡು ಅಪ್ಪನೂ ತಿರುಗಿ ನಗುತ್ತಿದ್ದ. ಅದನ್ನು ಇಷ್ಟು ವರ್ಷ ತಮಾಷೆ ಎಂದೇ ನೆನಪಿಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಅಳು ಬಂತು. ಪೌಲಿನ್ ಕಿಟಕಿಯ ಕಡೆ ನೋಡಿದಳು.

ಡಿಸೆಂಬರ್ 13

ಲೊರೇನ್ ಹೇಳದೆ ಕೇಳದೆ ಮನೆಗೆ ಬಂದಳು. ಪೌಲಿನ್ ಟೀ ಇಟ್ಟು, “ಹೊಡೆದಾಡೋದಿದ್ರೆ ಹಿತ್ಲಲ್ಲಿ, ಕಾರ್ಪೆಟ್ ಹೊಸದು” ಎಂದು ಹೇಳಿ ಅಂಗಡಿಗೆ ಹೋದಳು. ಕಿವಿಯಂತ್ರ ಹಾಕಿ ನಾಲ್ಕು ದಿನವಾಗಿದೆ. ಟೀ ಕಪ್ಪಿನ ಸದ್ದು ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತದೆ. ಆದರೆ ಅವಳ ಮಾತು ಒಂದಕ್ಷರವೂ ಬಿಡದೆ ಕೇಳಿಸಿತು.

“ಲೀಡ್ಸ್ ಬೇಡ ಅಂದೆಯಂತೆ.”

“ನಿನ್ನ ಕನಿಕರ ನಂಗೆ ಬೇಡ.”

“ಕನಿಕರ?” ಕಪ್ಪು ಕೆಳಗಿಟ್ಟಳು. ಲಂಡನ್ನಿನ ಮಾತು ಅಲ್ಲಿಗೆ ಮುಗಿಯಿತು, ನಮ್ಮ ಬೀದಿಯ ಹುಡುಗಿ ಎದ್ದು ನಿಂತಳು. “ಲೋ, ನಾನು ಈ ಊರಿಗೆ ಕಾಲಿಟ್ಟಿದ್ದೇ ಕೈ ಎತ್ತೋಕೆ ಕಣೋ! ನೀನು ಒಂದ್ ಸಲ ತಪ್ಪಲಿ, ಎಲ್ಲರ ಮುಂದೆ ತಪ್ಪಲಿ ಅಂತ ಮೂವತ್ತೊಂಬತ್ತು ವರ್ಷ ಹರಕೆ ಹೊತ್ತಿದ್ದೆ. ತಪ್ಪಿದೆ. ಮೂರನೇ ಹಾಡಲ್ಲಿ ತಪ್ಪಿದೆ. ಎತ್ತೋದು ಬೇಡ ಅಂತ ಡೆರೆಕ್‌ಗೆ ನಾನೇ ಹೇಳಿದ್ರೂ ಕೈ ಇಲ್ಲೀತನಕ ಬಂತು.” ಎದೆಯ ಹತ್ತಿರ ಕೈ ಹಿಡಿದು ತೋರಿಸಿದಳು.

“ಎತ್ತಬೇಕಿತ್ತು. ಅದು ರೂಲು.”

“ನಿನ್ ಮುಖ ನೋಡ್ದೆ. ಕಣ್ ಮುಚ್ಕೊಂಡು ನಾಬ್ ತಿರುಗಿಸ್ತಾ ಕೂತಿದ್ದೆ. ಜಗತ್ತೇ ಸರಿ ಇದೆ ಅನ್ನೋ ಹಂಗೆ. 83ರಲ್ಲಿ ನನ್ ಮುಖ ನೀನು ನೋಡಿದ್ಯಾ? ನೋಡಿ ಎತ್ತಿದ್ಯಾ, ನೋಡ್ದೆ ಎತ್ತಿದ್ಯಾ? ಅದೊಂದು ಹೇಳು ಸಾಕು.”

“ಎತ್ತದೆ ಬಿಟ್ಟೆಯಲ್ಲ, ಅದು ಎತ್ತೋದಕ್ಕಿಂತ ದೊಡ್ಡ ಅವಮಾನ.”

“ಗೊತ್ತು,” ಅಂದಳು. “ಅದರಲ್ಲೂ ಸ್ವಲ್ಪ ಸುಖ ಇತ್ತು, ಇಲ್ಲ ಅನ್ನಲ್ಲ.”

ಅವಳು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಜ್ವರವಿತ್ತಂತೆ ಎಂದು ಹಿಂದೆ ಬರೆದಿದ್ದೇನೆ. ಅಂತೆಯಲ್ಲ, ಇತ್ತು. ಅವತ್ತು ಬೆಳಿಗ್ಗೆ ಅವಳಿಗೆ ಮಾತ್ರೆ ತಂದುಕೊಟ್ಟವನು ನಾನೇ. ಹಣೆ ಮುಟ್ಟಿ ನೋಡಿದ್ದೆ, ಸುಡುತ್ತಿತ್ತು. ಕಂಪನಿಯವರು ಮಾತಾಡಿಸಿದ್ದೆಲ್ಲ ಅವಳನ್ನು. ನನ್ನನ್ನು ಕೇಬಲ್ ಹೊರುವವನು ಅಂದುಕೊಂಡರು. ಮೊದಲ ಸಲ ಕೈ ಎತ್ತಿದ್ದು ಶ್ರುತಿಗಾಗಿ. ಉಳಿದೆರಡು ಸಲ ಅವಳ ಮುಖ ನೋಡಿಯೇ ಎತ್ತಿದೆ.

ಡಿಸೆಂಬರ್ 29

ಅಟ್ಟ ಹತ್ತಿದೆ. ಟ್ಯೂನರ್ ಇಟ್ಟುಕೊಂಡು ಶ್ರುತಿ ಸೇರಿಸಿದೆ. ಹಸಿರು ಬಂತು. ಆದರೆ ನನ್ನ ಯಂತ್ರದಲ್ಲಿ ಒಂದೇ ಸ್ವರವನ್ನು ಎರಡು ಮೂಲಗಳು ಒಟ್ಟಿಗೆ ನುಡಿಯುತ್ತವೆ. ಅವೆರಡೂ ಪೂರ್ತಿ ಸೇರಿದರೆ ನಾದ ಸಾಯುತ್ತದೆ. ಜೀವ ಬರಲು ಒಂದು ಇನ್ನೊಂದಕ್ಕಿಂತ ಎಳ್ಳಷ್ಟು ಸರಿದಿರಬೇಕು. ಆ ಎಳ್ಳಷ್ಟು ಎಷ್ಟು ಎಂಬುದಕ್ಕೆ ಹಸಿರು ಕೆಂಪು ಇಲ್ಲ. ಅದನ್ನು ಕಿವಿಯೇ ಹೇಳಬೇಕು.

ಕೆಳಗಿಳಿದು ಪೌಲಿನ್‌ಗೆ ಹೇಳಿದೆ. ಅವಳು ಆಲೂಗೆಡ್ಡೆ ಸುಲಿಯುತ್ತಿದ್ದಳು.

“ಹೋಗಿರೋದು ನಿನ್ ಕಿವಿ, ಬಾಯಲ್ಲ. ಬೇರೆಯೋರ್ದು ಕೇಳಿ ತಗೋ” ಅಂದಳು.

ಜನವರಿ 9, 2023

ಯಂತ್ರ ಹೊತ್ತುಕೊಂಡು ಕಾರ್ಖಾನೆಯ ಮೂರು ಮಹಡಿ ಹತ್ತಿದೆ. ಡೆರೆಕ್ ಕಾಯುತ್ತಿದ್ದ, ಲೊರೇನ್ ಕೂಡ. ಬರುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ, ಪೌಲಿನ್‌ದೇ ಕೆಲಸ. ಡೆರೆಕ್ ಹಂದಿಮಾಂಸದ ಸ್ಯಾಂಡ್‌ವಿಚ್ ತಂದಿದ್ದ, ನನಗೂ ಒಂದು.

“ಲೀಡ್ಸಿಗೆ ಇನ್ನೈದು ದಿನ. ಬರ್ತೀಯೋ ಇಲ್ವೋ?” ಅಂದ ಬಾಯಿ ತುಂಬಿಕೊಂಡು.

ಯಂತ್ರವನ್ನು ಜೋಡಿಸಿ ಅದರ ಮುಂದೆ ನಿಂತೆ. ಮೂವತ್ತು ನಾಬ್‌ಗಳನ್ನು ಅವುಗಳ ಅಂಕಿಗೆ ತಿರುಗಿಸಿದೆ. ಕೈಗೆ ಎಲ್ಲ ನೆನಪಿದೆ. ಆ ಎಳ್ಳಷ್ಟನ್ನು ಸರಿಸುವ ನಾಬ್ ಒಂದು ಉಳಿಯಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಇಬ್ಬರೂ ಅಗಿಯುವುದನ್ನು ನಿಲ್ಲಿಸಿದ್ದರು.

“ನೋಡಿ ಎತ್ತಿದೆ,” ಅಂದೆ ಲೊರೇನಿಗೆ. “ಕೊನೇ ಎರಡು ಸಲ. ನಿನ್ ಮುಖ ನೋಡೇ ಎತ್ತಿದೆ.”

ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟಳು. “ಗೊತ್ತಿತ್ತು ಬಿಡು,” ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ಅನ್ನುತ್ತಾಳೆಂದು ನಾನೂ ಕಾಯಲಿಲ್ಲ.

ಹೆಡ್‌ಫೋನ್ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕೈಯಲ್ಲಿದ್ದ ಜಿಡ್ಡನ್ನು ಕೋಟಿಗೆ ಒರೆಸಿಕೊಂಡು, ಅದನ್ನು ಹಾಕಿಕೊಂಡು, ನನ್ನ ಜಾಗದಲ್ಲಿ ಕೂತಳು. ನಾಬನ್ನು ಆ ಕಡೆ ಈ ಕಡೆ ತಿರುಗಿಸಿದಳು. ಅವಳಿಗೇನು ಕೇಳಿಸುತ್ತಿತ್ತೋ ನನಗೆ ಕೇಳಿಸುವಂತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಾ ನಿಂತೆ.

ಮೂರು ನಿಮಿಷ ತೆಗೆದುಕೊಂಡಳು. ನಾನಾಗಿದ್ದರೆ ಒಂದೇ ನಿಮಿಷ. ಆಮೇಲೆ ಹೆಡ್‌ಫೋನ್ ತೆಗೆದು, ಆಯಿತು ಎಂದು ತಲೆಯಾಡಿಸಿದಳು. ಸರಿಯಾಗಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಾರಿಸಿದೆ.